ಟೀಚರ್ ಕೊಟ್ಟ ಕಾರು

ವೇಣೂರು ದಾಟಿ ಎರಡು ತಿರುವು ಕಳೆಯುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿರುವುದು ಶೇಖರನ ಕಣ್ಣಿಗೆ ಬಿತ್ತು. ಬೆಳ್ತಂಗಡಿಯಲ್ಲಿ ಮದುವೆ ಊಟ ಮುಗಿಸಿ ಹೊರಟಾಗ ಅದು ಅರ್ಧಕ್ಕಿಂತ ಕೆಳಗೇ ಇತ್ತು. ಈಗ ಕೆಂಪು ಗೆರೆಯ ಹತ್ತಿರ ಬಂದಿತ್ತು. ಒಂದು ಬಸ್ ತಂಗುದಾಣದ ಎದುರು ಕಾರನ್ನು ಬದಿಗೆ ತಂದು ನಿಲ್ಲಿಸಿದ.

"ಏನಾಯಿತು ಶೇಖರ?" ಹಿಂದಿನ ಸೀಟಿನಿಂದ ಜಲಜಾಕ್ಷಿ ಟೀಚರ್ ಕೇಳಿದರು.

"ಬಿಸಿ ಆಗಿದೆ ಟೀಚರ್. ಸ್ವಲ್ಪ ಹೊತ್ತು ಕೂತುಕೊಳ್ಳುವ."

ಬಾನೆಟ್ ಎತ್ತಿದರೆ ಸಿಹಿ ಸಿಹಿ ವಾಸನೆಯ ಹಬೆ. ಇಂಜಿನ್ ತಣಿಸುವ ಕೂಲೆಂಟ್ ಎಲ್ಲಿಂದಲೋ ಸಣ್ಣಗೆ ಸೋರುತ್ತಿರುವುದನ್ನು ಅವನು ಹಿಂದೆಯೇ ಟೀಚರಿಗೆ ಹೇಳಿದ್ದ, ಈಗ ಅದು ಹೆಚ್ಚಾಗಿತ್ತು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರನ್ನು ಅವನು ಬಸ್ ಓಡಿಸುತ್ತಿದ್ದ ಕಾಲದಲ್ಲೇ ಕಂಡಿದ್ದ. ಅರ್ಧ ಗಂಟೆ ಕಾದು, ಬಟ್ಟೆ ಮುಚ್ಚಿ ನಿಧಾನವಾಗಿ ತಿರುಗಿಸಿ, ಎರಡು ಬಾಟಲಿ ನೀರು ಹೊಯ್ದ. ಟೀಚರ್ ತಂಗುದಾಣದ ಬೆಂಚಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದರು.

ಮೂವತ್ತಮೂರು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಮೂಡುಬಿದಿರೆಯ ಸುತ್ತ ಅವರ ಕೈಯಲ್ಲಿ ಕಲಿತವರಿಲ್ಲದ ಮನೆ ಕಡಿಮೆ. ಒಂದು ಒತ್ತಕ್ಷರ ತಪ್ಪಿದರೂ ಅಂಕ ಕಡಿಯುತ್ತಿದ್ದರು. ಊರೆಲ್ಲ ತುಳುವಿನಲ್ಲಿ ಮಾತಾಡಿದರೂ ಅವರದು ಕನ್ನಡವೇ, ಅದೂ ಒಂದೊಂದು ಶಬ್ದವನ್ನು ತೂಗಿ ಇಟ್ಟಂತೆ. ಗಂಡ ತೀರಿಕೊಂಡ ಮೇಲೆ ಆ ಕಾರನ್ನು ಹನ್ನೆರಡು ವರ್ಷದಿಂದ ಓಡಿಸುತ್ತಿದ್ದವನು ಶೇಖರ. ಬೆನ್ನುನೋವಿನಿಂದ ಬಸ್ಸಿನ ಕೆಲಸ ಬಿಟ್ಟಿದ್ದ ಅವನನ್ನು ಕರೆದು ಕೀಲಿ ಕೊಟ್ಟವರು ಅವರೇ. ಆ ಋಣ ಅವನ ಮನಸ್ಸಿನಲ್ಲಿತ್ತು.

"ಇನ್ನು ಈ ಕಾರು ನನಗೆ ಬೇಡ ಶೇಖರ," ಎಂದರು ಟೀಚರ್. "ನನಗೂ ವಯಸ್ಸಾಯಿತು, ಇದಕ್ಕೂ ಆಯಿತು. ನೀನೇ ಇಟ್ಟುಕೋ. ಲೀಕ್ ಸರಿ ಮಾಡಿ ನೀನೇ ಓಡಿಸು. ನಿನ್ನಷ್ಟು ಇದನ್ನು ಬಲ್ಲವರು ಯಾರಿದ್ದಾರೆ?"

ಶೇಖರನ ಕೈಯಲ್ಲಿದ್ದ ಖಾಲಿ ಬಾಟಲಿ ಹಾಗೇ ನಿಂತಿತು. "ನಿಜವಾಗಿ ಹೇಳುವುದಾ ಟೀಚರ್?"

"ನಾನು ಯಾವತ್ತಾದರೂ ನಿನ್ನ ಹತ್ತಿರ ಸುಳ್ಳು ಹೇಳಿದ್ದುಂಟಾ?"

ಇರಲಿಲ್ಲ. ಆವತ್ತು ಅವರನ್ನು ಮನೆಗೆ ಬಿಟ್ಟು, ಕಾರನ್ನು ಶಿರ್ತಾಡಿಯ ತನ್ನ ಮನೆ ಅಂಗಳಕ್ಕೆ ತಂದ.

ಅವನಿಗೆ ಐವತ್ತಮೂರು. ಇಪ್ಪತ್ತೊಂದನೆಯ ವಯಸ್ಸಿನಿಂದ ಸ್ಟಿಯರಿಂಗ್ ಹಿಡಿದವನು. ಎಲ್ಲವೂ ಬೇರೆಯವರ ಗಾಡಿ. ಹೆಂಡತಿ ಕಾಂತಿ ಅವನು ಓಡಿಸುವ ಬಸ್ಸಿನಲ್ಲಿ ಟಿಕೆಟ್ ತೆಗೆದು ಕೂತದ್ದುಂಟು. ಕಾರಿನ ಮುಂದಿನ ಸೀಟಿನಲ್ಲಿ, ಅವನ ಪಕ್ಕದಲ್ಲಿ, ಒಮ್ಮೆಯೂ ಕೂತಿರಲಿಲ್ಲ.

ಮಾರನೆಯ ದಿನವೇ ಕೆಲಸಕ್ಕೆ ಕೈ ಹಾಕಿದ. ಮೇಲಿನ ರಬ್ಬರ್ ಹೋಸ್ ಬಿರುಕು ಬಿಟ್ಟದ್ದು ಕಣ್ಣಿಗೇ ಕಾಣುತ್ತಿತ್ತು. ಹೊಸದು ಹಾಕಿ, ಕ್ಲಿಪ್ ಬಿಗಿದು, ನೀರು ತುಂಬಿಸಿ, ಕಾರಿನ ಅಡಿಯಲ್ಲಿ ಹಳೆಯ ಪೇಪರ್ ಹರಡಿ, ಒಳಗೆ ಹೋಗಿ ಮಲಗಿದ. ಬೆಳಿಗ್ಗೆ ನೋಡಿದರೆ ಪೇಪರಿನ ಮೇಲೆ ಅಂಗೈಯಗಲ ಒದ್ದೆ. ಟಾರ್ಚ್ ಹಿಡಿದು ಅಡಿಗೆ ನುಗ್ಗಿದ. ವಾಟರ್ ಪಂಪಿನ ಸಣ್ಣ ರಂಧ್ರದಿಂದ ಇಳಿದ ನೀರು ಒಣಗಿ, ಬಿಳಿ ಪುಡಿಯ ಗೆರೆ ಮೂಡಿತ್ತು.

ಪಂಪ್ ಬಿಚ್ಚಲು ಎರಡು ದಿನ ಹಿಡಿಯಿತು. ತುಕ್ಕು ತಿಂದ ಒಂದು ಬೋಲ್ಟ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಬಲ ಹಾಕಿದರೆ ತುಂಡಾಗುತ್ತದೆ, ತುಂಡಾದರೆ ಇಂಜಿನ್ನೇ ಇಳಿಸಬೇಕು. ಎಣ್ಣೆ ಬಿಟ್ಟು ನೆನೆಯಲು ಬಿಟ್ಟ, ಮೆಲ್ಲಗೆ ಸುತ್ತಿಗೆಯಿಂದ ತಟ್ಟಿದ, ಮತ್ತೆ ಎಣ್ಣೆ ಬಿಟ್ಟ. ಕೊನೆಗೆ ಸ್ಪ್ಯಾನರ್ ಜಾರಿ ಬೆರಳ ಗಂಟುಗಳ ಚರ್ಮ ಕಿತ್ತುಹೋದ ಮೇಲೆ ಅದು ಕಿರ್ರೆಂದು ಸಡಿಲವಾಯಿತು. ಸಂದಿಗೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ಕೆರೆದು ಕೆರೆದು ಲೋಹ ಹೊಳೆಯುವಂತೆ ಮಾಡಿ, ಹೊಸ ಪಂಪ್ ಕೂರಿಸಿದ. ಸಾಮಾನಿಗೆ ಟೀಚರ ಹತ್ತಿರ ಕೇಳಲಿಲ್ಲ. ತನ್ನ ಕಾರಿಗೆ ಬೇರೆಯವರಲ್ಲಿ ಕೇಳುವುದೇನು?

"ಹುಟ್ಟಿದ ಮಗುವನ್ನೂ ನೀವು ಇಷ್ಟು ನೋಡಿಕೊಳ್ಳಲಿಲ್ಲ," ಎಂದು ಕಾಂತಿ ನಕ್ಕಳು. ಬೆರಳಿಗೆ ಬಟ್ಟೆ ಕಟ್ಟಿಕೊಟ್ಟಳು.

ಅಷ್ಟು ಮಾಡಿದರೂ ಹನಿ ಬೀಳುವುದು ನಿಲ್ಲಲಿಲ್ಲ. ಇಂಜಿನ್ನಿನ ಹಿಂದುಗಡೆ, ಕೈ ಹೋಗದ ಜಾಗದಲ್ಲಿ, ನೀರು ಹೋಗುವ ಒಂದು ಕಬ್ಬಿಣದ ಪೈಪು. ಕನ್ನಡಿ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ತೂತು. ಅಂಟು ಮೆತ್ತಿ ಮುಚ್ಚಬಹುದಿತ್ತು, ನಾಲ್ಕು ತಿಂಗಳು ಓಡುತ್ತಿತ್ತು. ಆದರೆ ಶೇಖರನಿಗೆ ಮನಸ್ಸು ಒಪ್ಪಲಿಲ್ಲ. ಬಸ್ ಹಿಡಿದು ಬಂಟ್ವಾಳಕ್ಕೆ ಹೋಗಿ, ಗುಜರಿ ಅಂಗಡಿಗಳನ್ನು ಸುತ್ತಿ, ಅದೇ ಮಾದರಿಯ ಕಾರಿನಿಂದ ತೆಗೆದ ಗಟ್ಟಿ ಪೈಪೊಂದನ್ನು ಹುಡುಕಿ ತಂದ. ಹಾಕಿ, ಕೂಲೆಂಟ್ ತುಂಬಿಸಿ, ಮುಚ್ಚಳ ತೆರೆದಿಟ್ಟು ಇಂಜಿನ್ ಓಡಿಸಿದ. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬಂದು ಗುಳ್ಳೆ ನಿಲ್ಲುವವರೆಗೆ ಬಿಡದೆ ನೋಡಿದ. ಆವತ್ತಿನ ಪೇಪರ್ ಬೆಳಿಗ್ಗೆ ಗರಿಗರಿಯಾಗಿ ಒಣಗಿಯೇ ಇತ್ತು.

ಶನಿವಾರ ಸಂಜೆ ಕಾಂತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾರಾವಿಯ ತನಕ ಹೋಗಿ ಬಂದ. ಮುಳ್ಳು ಅರ್ಧದ ಕೆಳಗೆ ಮೊಳೆ ಹೊಡೆದಂತೆ ನಿಂತಿತ್ತು. ಕಾಂತಿ ದಾರಿಯುದ್ದಕ್ಕೂ ಬ್ಯಾಗನ್ನು ಮಡಿಲಲ್ಲಿ ಹಿಡಿದು ನೆಟ್ಟಗೆ ಕೂತಿದ್ದಳು. ಶಿರ್ತಾಡಿ ಪೇಟೆಯಲ್ಲಿ ಚಹಾ ಅಂಗಡಿಯ ಹನೀಫಾ ಕೈ ಅಡ್ಡ ಹಿಡಿದು, "ಕಾರು ತೆಗೆದೆಯಾ ಮಾರಾಯ?" ಎಂದು ಕೇಳಿದ. "ಹೌದು, ಟೀಚರ್ ಕೊಟ್ಟದ್ದು," ಎಂದ ಶೇಖರ. ಅಂಗಡಿಯಲ್ಲಿದ್ದ ನಾಲ್ಕೈದು ಮಂದಿ ಎದ್ದು ಬಂದು ಕಾರಿನ ಸುತ್ತ ನಿಂತರು.

ಮನೆ ಮುಟ್ಟುವಾಗಲೇ ಟೀಚರ ಫೋನ್ ಬಂತು. "ಸರಿಯಾಯಿತಂತಲ್ಲ? ನಾಳೆ ಬೆಳಿಗ್ಗೆ ತೆಗೆದುಕೊಂಡು ಬಾ."

ಕಾಗದಪತ್ರಕ್ಕೆ ಸಹಿ ಹಾಕಿಕೊಡಲು ಕರೆದದ್ದು ಎಂದುಕೊಂಡ. ಭಾನುವಾರ ಇಸ್ತ್ರಿಯ ಅಂಗಿ ಹಾಕಿ, ಆಧಾರ್ ಕಾರ್ಡಿನ ಪ್ರತಿ ಜೇಬಿನಲ್ಲಿಟ್ಟು ಹೋದ.

ಟೀಚರ ಜಗಲಿಯಲ್ಲಿ ಅರುವತ್ತರ ಆಸುಪಾಸಿನ ಒಬ್ಬರು ಕುಳಿತಿದ್ದರು. ನೆರಿಯದ ಅಬ್ದುಲ್ ಶುಕೂರ್, ಬಹಳ ವರ್ಷ ದುಬೈಯಲ್ಲಿದ್ದು ಬಂದವರು ಎಂದು ಟೀಚರ್ ಪರಿಚಯ ಮಾಡಿಕೊಟ್ಟರು. ಅವರ ಮಗಳು ಟೀಚರ ವಿದ್ಯಾರ್ಥಿನಿಯಂತೆ. ಶುಕೂರ್ ಎದ್ದು ಬಂದು ಶೇಖರನ ಕೈ ಕುಲುಕಿದರು.

"ನೀವಾ ಶೇಖರಣ್ಣ? ಟೀಚರ್ ತಿಂಗಳ ಹಿಂದೆಯೇ ಹೇಳಿದ್ದರು. ಗಾಡಿಯಲ್ಲಿ ಸಣ್ಣ ಲೀಕ್ ಉಂಟು, ಸರಿ ಮಾಡಿಸದೆ ಕೊಡುವುದಿಲ್ಲ, ಒಳ್ಳೆ ಜನ ನಮ್ಮಲ್ಲೇ ಇದ್ದಾನೆ ಅಂತ. ನಾನು ಹಾಗೆಯೇ ಕಾದು ಕೂತದ್ದು."

ತಿಂಗಳ ಹಿಂದೆ. ವೇಣೂರಿನಲ್ಲಿ ಗಾಡಿ ನಿಂತು ಇನ್ನೂ ಹದಿನೈದು ದಿನ ಆಗಿರಲಿಲ್ಲ. ಶೇಖರ ಟೀಚರ ಮುಖ ನೋಡಿದ. ಅವರು ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

"ಬನ್ನಿ, ತೋರಿಸಿ," ಎಂದು ಶುಕೂರ್ ಅಂಗಳಕ್ಕೆ ಇಳಿದರು.

ಶೇಖರ ಬಾನೆಟ್ ಎತ್ತಿದ. ಶುಕೂರ್ ಬಗ್ಗಿ ನೋಡಿದರು, ಹೊಸ ಹೋಸನ್ನು ಬೆರಳಿಂದ ಒತ್ತಿದರು, ತಲೆಯಾಡಿಸಿದರು. "ನನಗೆ ಇಂಜಿನ್ ಗೊತ್ತಾಗುವುದಿಲ್ಲ. ಹೆಂಡತಿಗೆ ಡಯಾಲಿಸಿಸ್ ಉಂಟು, ವಾರಕ್ಕೆರಡು ಸಲ ಬೆಳ್ತಂಗಡಿಗೆ ಕರಕೊಂಡು ಹೋಗಬೇಕು. ನಡುದಾರಿಯಲ್ಲಿ ನಿಂತರೆ ಕಷ್ಟ. ನೀವು ಸರಿ ಉಂಟು ಅಂದರೆ ಸರಿ, ಬೇಡ ಅಂದರೆ ಬೇಡ."

ಒಂದೇ ಮಾತು ಸಾಕಿತ್ತು. ಇಂಜಿನ್ನಿನ ಹೆಡ್ಡಿನಲ್ಲಿ ಸ್ವಲ್ಪ ಸಂಶಯ ಉಂಟು ಎಂದಿದ್ದರೆ ಆ ಮನುಷ್ಯ ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿದ್ದರು. ಕಾರು ಟೀಚರ ಅಂಗಳದಲ್ಲೇ ಉಳಿಯುತ್ತಿತ್ತು. ಮಾತು ನಾಲಗೆಯ ತುದಿಯ ತನಕ ಬಂದಿತ್ತು. ಅವನು ಇಂಜಿನ್ನಿನತ್ತ ನೋಡಿದ. ಎಲ್ಲಿಯೂ ಒಂದು ಹನಿ ಇರಲಿಲ್ಲ.

"ಸರಿ ಉಂಟು," ಎಂದ. "ಪಂಪ್ ಹೊಸದು, ಪೈಪ್ ಬದಲಿಸಿದ್ದೇನೆ. ಬರೀ ನೀರು ಹಾಕಬೇಡಿ, ಕೂಲೆಂಟೇ ಹಾಕಿ. ಮುಳ್ಳು ಅರ್ಧ ದಾಟಿದರೆ ಕೂಡಲೇ ನಿಲ್ಲಿಸಿ."

ಶುಕೂರ್ ಕಾರು ತೆಗೆದುಕೊಂಡು ಹೋದ ಮೇಲೆ ಅಂಗಳದಲ್ಲಿ ಇಬ್ಬರೇ ಉಳಿದರು.

"ಊಟ ಮಾಡಿಕೊಂಡು ಹೋಗು," ಎಂದರು ಟೀಚರ್.

"ಟೀಚರ್, ನನಗೆ ಕೊಡ್ತೇನೆ ಅಂದಿದ್ದಿರಲ್ಲ."

"ಯಾವುದನ್ನು?"

"ಕಾರು. ಆವತ್ತು ವೇಣೂರಿನಲ್ಲಿ."

ಟೀಚರ್ ಕನ್ನಡಕ ಹಾಕಿಕೊಂಡು ಅವನನ್ನು ದಿಟ್ಟಿಸಿದರು. ಉತ್ತರ ತಪ್ಪಿದ ಹುಡುಗನನ್ನು ನೋಡುವ ಹಾಗೆ. "ಸರಿ ಮಾಡಿ ಓಡಿಸು ಅಂದಿದ್ದೆ ಶೇಖರ. ಓಡಿಸುವುದು ಬೇರೆ, ಕೊಡುವುದು ಬೇರೆ. ನೀನು ತಪ್ಪು ತಿಳಿದುಕೊಂಡಿದ್ದಿ."

"ಇಟ್ಟುಕೋ ಅಂದಿದ್ದಿರಿ."

"ನಾನು ಹಾಗೆ ಹೇಳಿರಲಿಕ್ಕಿಲ್ಲ. ನನಗೆ ನೆನಪಿಲ್ಲ."

ಮೂವತ್ತು ವರ್ಷದ ಹಿಂದೆ ಕಲಿತ ಹುಡುಗಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು, ತಂದೆಯ ಹೆಸರಿನೊಂದಿಗೆ ಕರೆಯುವವರು ಅವರು. ಆ ಹನ್ನೆರಡು ವರ್ಷದಲ್ಲಿ ಅವರು ಏನನ್ನಾದರೂ ಮರೆತದ್ದನ್ನು ಶೇಖರ ಕಂಡಿರಲಿಲ್ಲ. ಜೋರಾಗಿ ಮಾತಾಡಬೇಕೆನಿಸಿತು. ಆದರೆ ಅವರ ಎದುರು ಅವನ ಧ್ವನಿ ಎಂದೂ ಏರಿದ್ದಿಲ್ಲ, ಈಗಲೂ ಏರಲಿಲ್ಲ. ಚಪ್ಪಲಿ ಮೆಟ್ಟಿ ಗೇಟು ದಾಟಿದ.

ಬಸ್ಸಿನಲ್ಲಿ ಶಿರ್ತಾಡಿಗೆ ಬಂದು ಇಳಿದಾಗ ಹನೀಫಾ ಅಂಗಡಿಯಿಂದಲೇ ಕೂಗಿದ, "ಕಾರೆಲ್ಲಿ ಮಾರಾಯ?" ಶೇಖರ ಕೇಳಿಸದವನಂತೆ ನಡೆದ.

ನಡೆದದ್ದನ್ನೆಲ್ಲ ಕಾಂತಿಗೆ ಹೇಳಿ ಮುಗಿಸಿದ. ಅವಳು ಮೆಲ್ಲಗೆ, "ಟೀಚರ್ ಹಾಗೆ ಮಾಡುವವರಲ್ಲ. ನೀವು ಸರಿಯಾಗಿ ಕೇಳಿಸಿಕೊಂಡಿದ್ದಿರಾ?" ಎಂದಳು.

ಕಾರು ಹೋದದ್ದಕ್ಕಿಂತ ಅದು ಅವನಿಗೆ ಹೆಚ್ಚು ನಾಟಿತು. ಕಾಂತಿಯೇ ಹೀಗೆ ಕೇಳಿದ ಮೇಲೆ ಊರಿನವರು ಕೇಳದಿರುತ್ತಾರಾ? ಟೀಚರ ಮಾತು ಒಂದು ಕಡೆ, ಡ್ರೈವರನ ಮಾತು ಒಂದು ಕಡೆ. ಆ ವಾರವೆಲ್ಲ ಅವನಿಗೇ ಅನುಮಾನ ಬರತೊಡಗಿತು. ಬೆಂಚು, ಬಾಟಲಿ, ಹಬೆ, ಟೀಚರ ಬಾಯಿಯಿಂದ ಬಂದ ಒಂದೊಂದು ಶಬ್ದ, ಎಲ್ಲವನ್ನೂ ತಿರುತಿರುಗಿ ನೆನೆದ. ಆಸೆಯ ಕಿವಿ ಇಲ್ಲದ್ದನ್ನು ಕೇಳಿಸಿಕೊಂಡಿತೋ ಏನೋ ಎಂದು ತನ್ನನ್ನೇ ಬೈದುಕೊಂಡ.

ತಿಂಗಳು ಕಳೆದು ಒಂದು ಬೆಳಿಗ್ಗೆ, ಅವನು ಮನೆಯ ಹೊರಗಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದಾಗ ಟೀಚರ ಫೋನ್ ಬಂತು. ಕೈಯಲ್ಲಿ ಲೋಟ ಇದ್ದದ್ದರಿಂದ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟ.

"ಶೇಖರ, ನಾಡಿದ್ದು ಬಂಟ್ವಾಳಕ್ಕೆ ಹೋಗಲಿಕ್ಕುಂಟು. ತಮ್ಮನ ಕಾರು ಇಲ್ಲೇ ಇದೆ. ಎಂಟು ಗಂಟೆಗೆ ಬಾ."

"ನಾನು ಬರುವುದಿಲ್ಲ ಟೀಚರ್."

"ಯಾಕೆ, ಹುಷಾರಿಲ್ಲವಾ?"

"ಹುಷಾರಿದ್ದೇನೆ."

"ಬೇರೆ ಕೆಲಸ ಉಂಟಾ?"

"ಇಲ್ಲ."

ಟೀಚರ ಧ್ವನಿ ಸಣ್ಣದಾಯಿತು, ಅದರಲ್ಲಿ ಬೇಸರವಿತ್ತು. "ಅವರು ಒಳ್ಳೆಯ ಬೆಲೆ ಕೊಟ್ಟರು ಶೇಖರ. ನಿನಗೆ ಒಂದು ಮಾತು ಅಂದಿದ್ದೆ, ಹೌದು. ಅಂದ ಮಾತ್ರಕ್ಕೆ ಆಗಿಬಿಡುತ್ತದಾ? ಒಂದು ಹಳೇ ಕಾರಿಗೆ ಇಷ್ಟು ಸಿಟ್ಟಾ?"

ಶೇಖರ ಲೋಟ ಕೆಳಗಿಟ್ಟ. ಅವರಿಗೆ ನೆನಪಿತ್ತು. ಮೊದಲಿಂದಲೂ ನೆನಪಿತ್ತು.

"ಬೇರೆ ಡ್ರೈವರನ್ನು ನೋಡಿಕೊಳ್ಳಿ ಟೀಚರ್," ಎಂದು ಹೇಳಿ ಫೋನ್ ಇಟ್ಟ. ಅವರಿಗಿಂತ ಮೊದಲು ಅವನು ಫೋನ್ ಇಟ್ಟದ್ದು ಅದೇ ಮೊದಲು. ಎದೆ ಹಗುರಾಗಬಹುದೆಂದುಕೊಂಡಿದ್ದ. ಹಗುರಾಗಲಿಲ್ಲ. ತಾನು ಗೌರವದಿಂದ ತಲೆ ತಗ್ಗಿಸಿ ನಿಂತ ಹನ್ನೆರಡು ವರ್ಷಗಳಲ್ಲಿ ಕಾರಿನ ಬಾಗಿಲು ತೆರೆದದ್ದು, ಕೊಡೆ ಹಿಡಿದದ್ದು, ಮಾತ್ರೆ ನೆನಪಿಸಿದ್ದು, ಎಲ್ಲವೂ ಒಂದೇ ಸಲಕ್ಕೆ ಬೇರೆ ಯಾರೋ ಮಾಡಿದ್ದು ಎನಿಸಿತು.

ಕಾಂತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಾನೂ ನಿಮ್ಮನ್ನು ನಂಬಲಿಲ್ಲ," ಎಂದಳು.

ಪರವಾಗಿಲ್ಲ ಎನ್ನಬೇಕಿತ್ತು. ಬೆಂಚಿನಲ್ಲಿ ಸ್ವಲ್ಪ ಸರಿದು ಅವಳಿಗೆ ಕೂರಲು ಜಾಗ ಮಾಡಿದ.