ಭೀಮಶಿಯ ಹಳೇ ಡಿಸ್ಕು

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕಂಪ್ಯೂಟರ್ ರಿಪೇರಿಯ ಸಂಘಮಿತ್ರಾ ಹೊಸ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಭೀಮಶಿಯ ಮನೆಗೆ ಬಂದಳು. ಬನಹಟ್ಟಿಯ ಆ ಓಣಿಯಲ್ಲಿ ಬಾಗಿಲು ಬಡಿದರೆ ಯಾರಿಗೂ ಕೇಳಿಸುವುದಿಲ್ಲ. ಎರಡೂ ಬದಿಗೆ ಮಗ್ಗಗಳು ಬಡಿಯುತ್ತಿರುತ್ತವೆ. ಅವಳು ಬಾಗಿಲು ನೂಕಿ ನೇರ ಒಳಗೆ ನಡೆದಳು.

ಭೀಮಶಿ ಸೀರೆಯ ಅಂಚು, ಸೆರಗುಗಳ ಡಿಸೈನು ಬರೆಯುವವನು. ಅವನು ಕಂಪ್ಯೂಟರಿನಲ್ಲಿ ಬರೆದದ್ದನ್ನು ಪಕ್ಕದ ಯಂತ್ರ ರಟ್ಟಿನ ಕಾರ್ಡುಗಳ ಮೇಲೆ ತೂತುಗಳಾಗಿ ಹೊಡೆಯುತ್ತದೆ. ಆ ಕಾರ್ಡಿನ ಸರ ಮಗ್ಗದ ನೆತ್ತಿಯ ಮೇಲೆ ಸುತ್ತುತ್ತ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತದೆ. ಹನ್ನೆರಡು ವರ್ಷಗಳಲ್ಲಿ ಅವನು ಬರೆದದ್ದು ನಾಲ್ಕುನೂರಾ ಹನ್ನೆರಡು ಡಿಸೈನು. ಹೋದ ವರ್ಷ ಲಕ್ವ ಹೊಡೆದು ಬಲಗೈ ಹೋಯಿತು. ಹೊಸದು ಬರೆಯುವುದು ಅಲ್ಲಿಗೆ ನಿಂತಿತು. ಹಳೆಯ ಡಿಸೈನು ಕೇಳಿ ಬಂದವರಿಗೆ ಮತ್ತೆ ಕಾರ್ಡು ಹೊಡೆದುಕೊಡುವುದು ಮಾತ್ರ ಈಗ ಉಳಿದ ಕಸುಬು. ಹಳೆಯ ಕಾರ್ಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹರಿದದ್ದು ನೀರೊಲೆಗೆ ಹೋಗುತ್ತದೆ. ಹಾಗಾಗಿ ಭೀಮಶಿ ಬರೆದದ್ದೆಲ್ಲ ಇದ್ದದ್ದು ಒಂದೇ ಕಡೆ, ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ.

ಮಗ್ಗದ ಕೋಣೆಯ ಗೋಡೆಗೆ ಹತ್ತಿಕೊಂಡೇ ಇಟ್ಟ ಕಂಪ್ಯೂಟರು ಅದು. ಹನ್ನೆರಡು ವರ್ಷ ನೆಲ ನಡುಗಿ ನಡುಗಿ ಡಿಸ್ಕಿನ ಒಳಗಿನ ತಿರುಗುವ ತಟ್ಟೆ ಸವೆದಿತ್ತು. ಸೋಮವಾರ ಸಂಘಮಿತ್ರಾ ಕಿವಿಯಿಟ್ಟು ಕೇಳಿದಾಗ ಉಗುರಿನಿಂದ ತಗಡು ಗೀರಿದ ಸದ್ದು ಬರುತ್ತಿತ್ತು.

"ನಾ ಜಮಖಂಡಿಯಿಂದ ಹೊಸಾ ಡಿಸ್ಕ್ ತರ್ತೇನ್ರಿ," ಎಂದಿದ್ದಳು. "ಅಲ್ಲೀತನಕ ಸ್ವಿಚ್ ಮುಟ್ಟಬ್ಯಾಡ್ರಿ. ಇದರಾಗ ಇನ್ನ ಒಂದ ಸರ್ತಿ ಓಡೂ ಉಸರ ಐತಿ. ಅದು ನನಗ ಬೇಕು."

ಭೀಮಶಿಯ ಹೆಂಡತಿ ವೈಶಾಲಿ ಆಗ ಕೇಳಿದ್ದಳು: "ಹೊಸಾ ಕಂಪ್ಯೂಟರನ ತಂದ್ರ ಹೆಂಗವಾ?"

"ನಿಮ್ಮ ಡಿಸೈನ್ ಪ್ರೋಗ್ರಾಮ್ ಹಳೇ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬ್ಯಾರೇದರ ಮ್ಯಾಲೆ ಏಳೂದಿಲ್ರಿ. ಮಾಡಿದ ಕಂಪನಿ ಬಾಗಲಾ ಹಾಕ್ಕೊಂಡು ಎಷ್ಟೋ ವರ್ಷ ಆತು. ಹಳೇ ಎಕ್ಸ್‌ಪಿನ ಹೊಸಾ ಡಿಸ್ಕಿಗೆ ಕೂಡ್ರಸ್ತೇನಿ."

ಇವತ್ತು ಅವಳು ಹಳೇ ಡಿಸ್ಕಿನ ತಂತಿ ಕಿತ್ತು, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಹೊಸದನ್ನು ಹೊರಗೆ ತೆಗೆದಳು. ವೈಶಾಲಿ ಬೀರೇಶ್ವರನ ಫೋಟೋದ ಮುಂದಿನ ಭಂಡಾರದ ಅರಿಶಿನ ಒಂದು ಚಿಟಿಕೆ ಹಿಡಿದುಕೊಂಡು ಬಂದಳು.

"ಅದರ ಮ್ಯಾಲೆ ಬ್ಯಾಡ್ರೀ ಅಕ್ಕಾರ! ಕಂಪ್ಯೂಟರ್ ಡಬ್ಬಿ ಮ್ಯಾಲೆ ಹಚ್ರಿ."

"ಯಾಕ, ದೇವ್ರು ಒಳಗ ಹೋದ್ರ ಕರೆಂಟ್ ಹೊಡೀತೈತೇನು?"

"ದೇವ್ರಿಗೇನೂ ಆಗೂದಿಲ್ರಿ. ಡಿಸ್ಕಿಗೆ ಆಕ್ಕತಿ."

ವೈಶಾಲಿ ನಕ್ಕು ಡಬ್ಬಿಗೆ ಹಚ್ಚಿದಳು. ಭೀಮಶಿ ನಗಲಿಲ್ಲ. ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ.

ಹೊಸ ಡಿಸ್ಕಿಗೆ ಎಕ್ಸ್‌ಪಿ ಹಾಕಹೊರಟಾಗ ಮೊದಲ ಸಲ ಪರದೆ ನೀಲಿಯಾಗಿ ನಿಂತಿತು. ಎಕ್ಸ್‌ಪಿ ಹುಟ್ಟಿದಾಗ ಇಂಥ ಡಿಸ್ಕು ಇರಲಿಲ್ಲ. ಅದಕ್ಕೆ ಇದರ ಭಾಷೆ ಬಾರದು. ಸಂಘಮಿತ್ರಾ ಯಂತ್ರದ ಮೂಲ ಸೆಟ್ಟಿಂಗಿಗೆ ಹೋಗಿ, ಹೊಸ ಡಿಸ್ಕು ಹಳೆಯದರಂತೆ ಮಾತಾಡುವ ಹಾಗೆ ಮಾಡಿದಳು. ಡಿಸ್ಕಿನ ಜಾಗ ಎಲ್ಲಿಂದ ಶುರುವಾಗಬೇಕೆಂಬುದನ್ನು ಎಕ್ಸ್‌ಪಿಗೆ ಬಿಡದೆ ತಾನೇ ಅಳೆದು ಇಟ್ಟಳು. ಮಗ್ಗದ ಹಣಿಗೆಯಲ್ಲಿ ಹಾಸಿನ ಮೊದಲ ಎಳೆ ಒಂದು ಹಲ್ಲು ಸರಿದರೆ ಇಡೀ ಸೀರೆ ಸೊಟ್ಟಗಾಗುತ್ತದೆ, ಇದೂ ಹಾಗೆಯೇ. ಡಿಸ್ಕಿನ ಕೊನೆಯ ಕಾಲುಭಾಗ ಖಾಲಿ ಬಿಟ್ಟಳು. ಅಳಿಸಿದ್ದನ್ನು ಗುಡಿಸುವ ವಿದ್ಯೆ ಎಕ್ಸ್‌ಪಿಗಿಲ್ಲ; ಡಿಸ್ಕೇ ಅದನ್ನು ಮಾಡಿಕೊಳ್ಳಲು ಅಷ್ಟು ಜಾಗ ಬೇಕು. ಅರ್ಧ ತಾಸಿನಲ್ಲಿ ಹಸಿರು ಗುಡ್ಡದ ಹಳೆಯ ಪರದೆ ಎದ್ದಿತು. ಭೀಮಶಿ ಜೋಪಾನ ಮಾಡಿದ್ದ ಹಳೆಯ ಸೀಡಿಯಿಂದ ಡಿಸೈನ್ ಪ್ರೋಗ್ರಾಮೂ ಎದ್ದಿತು. ಕಾರ್ಡು ಯಂತ್ರ ಒಂದು ಖಾಲಿ ರಟ್ಟಿಗೆ ಠಕ್ಕೆಂದು ತೂತು ಹೊಡೆಯಿತು.

"ಕೆಟ್ಟದ್ದರ ಕಡೆ ಈಗ ಹೋಗೂಣ್ರಿ," ಎಂದು ಅವಳು ಹಳೇ ಡಿಸ್ಕನ್ನು ಜೋಡಿಸಿದಳು.

ಫೈಲುಗಳು ಒಂದೊಂದಾಗಿ ದಾಟತೊಡಗಿದವು. ನಲವತ್ತು. ತೊಂಬತ್ತು. ನೂರಾ ಮೂವತ್ತರ ಮೇಲೆ ಸದ್ದು ಶುರುವಾಯಿತು. ನೂರಾ ಎಪ್ಪತ್ತೊಂದಕ್ಕೆ ಡಿಸ್ಕು ಮೂರು ಸಲ ಗೀರಿ ಸುಮ್ಮನಾಯಿತು. ಸಂಘಮಿತ್ರಾ ತಂತಿ ಬದಲಿಸಿದಳು, ಡಿಸ್ಕು ಮಗುಚಿದಳು, ಅರ್ಧ ತಾಸು ಬಿಟ್ಟು ಮತ್ತೆ ನೋಡಿದಳು. ಯಂತ್ರ ಆ ಡಿಸ್ಕನ್ನು ಗುರುತೇ ಹಿಡಿಯಲಿಲ್ಲ.

"ಹೋತ್ರಿ," ಎಂದಳು.

"ಹೋತಂದ್ರ?" ವೈಶಾಲಿ ಹತ್ತಿರ ಬಂದಳು. "ಸೋಮಾರ ನೀನ ಅಂದಿ, ಒಂದ ಸರ್ತಿ ಓಡತೈತಿ ಅಂತ. ಓಣ್ಯಾಗ ಎಲ್ಲಾರ ಬಾಯಾಗೂ ನಿನ್ನ ಹೆಸರ. ಏನ್ ಮಾಡಿದಿ ಅದಕ? ಮನಿ ಮುಳುಗಿಸಿದೆಲ್ಲ ಬೇ!"

ಸಂಘಮಿತ್ರಾ ಪರದೆಯ ಹತ್ತಿರ ಬಗ್ಗಿದ್ದಳು. ಬಂದ ಫೈಲುಗಳ ಪಟ್ಟಿ ನೋಡುತ್ತಿದ್ದಳು. ಪ್ರೋಗ್ರಾಮನ್ನು ತೆರೆದಾಗಲೆಲ್ಲ ಅದು ಒಂದು ಚಿಕ್ಕ ಫೈಲಿನಲ್ಲಿ ಎಲ್ಲ ಡಿಸೈನುಗಳ ಹೆಸರು ಹೊಸದಾಗಿ ಬರೆದಿಡುತ್ತದೆ. ಆ ಫೈಲು ಮೊದಲೇ ದಾಟಿ ಬಂದಿತ್ತು. ಅದರ ಮೇಲೆ ಇವತ್ತಿನ ತಾರೀಕಿತ್ತು. ಸಮಯ ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ.

ಅವಳು ತಿರುಗಿ ಭೀಮಶಿಯನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

ಸುಮ್ಮನಿದ್ದುಬಿಟ್ಟರೆ ದೊಡ್ಡತನವೆನಿಸುತ್ತಿತ್ತು. ಆದರೆ ಬನಹಟ್ಟಿ, ರಬಕವಿಗಳಲ್ಲಿ ಇಂಥವೇ ಹಳೇ ಯಂತ್ರ ನೆಚ್ಚಿಕೊಂಡ ಮನೆಗಳು ಹಲವಿದ್ದವು. ವೈಶಾಲಿಯ ಮಾತು ಸಂಜೆಯೊಳಗೆ ಅಲ್ಲೆಲ್ಲ ಮುಟ್ಟುತ್ತದೆ. ನಾಳೆಯಿಂದ ಸಂಘಮಿತ್ರಾಳ ಕೈಗೆ ಯಾರೂ ಸ್ಕ್ರೂ ಕೂಡ ಕೊಡುವುದಿಲ್ಲ. ಒಂದು ನಿಮಿಷ ಕಾದಳು, ಅವನೇ ಹೇಳಲೆಂದು.

"ಇವತ್ತ ಮುಂಜಾನಿ ಆರಕ್ಕ ಇದನ್ನ ಯಾರ ಚಾಲೂ ಮಾಡಿದ್ರಿ?"

ಗೋಡೆಯಾಚೆ ಮಗ್ಗ ಬಡಿಯುತ್ತಲೇ ಇತ್ತು.

"ನಾನ," ಎಂದ ಭೀಮಶಿ. "ಎರಡ ದಿನ ಬಂದ್ ಇಟ್ಟಿದ್ವಿ. ಮಗ್ಗ ಎರಡ ದಿನ ನಿಂತ್ರ ಎಣ್ಣಿ ಗಟ್ಟಿ ಆಕ್ಕತಿ. ನೂಲ ಏರಿಸೂಕಿಂತ ಮೊದಲ ಒಂದ ತಾಸ ಖಾಲಿ ಓಡಸ್ತೀವಿ, ಬಿಸಿ ಆಗಲಿ ಅಂತ. ಇಲ್ಲಂದ್ರ ಎಳಿ ಹರೀತಾವು. ಇದನ್ನೂ ಸ್ವಲ್ಪ ಬಿಸಿ ಮಾಡಿ ಕೊಟ್ರ ನಿನಗ ಹಗರ ಆಕ್ಕತಿ ಅನ್ಕೊಂಡ್ನಿ." ಎಡಗೈಯಿಂದ ಮುಖ ಒರೆಸಿಕೊಂಡ. "ಎಂಟರತನಕ ಬಿಟ್ಟಿದ್ನಿ."

ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಮಗ್ಗವನ್ನು ಹೀಗೆಯೇ ನೋಡಿಕೊಂಡಿದ್ದರು. ಮಗ್ಗಕ್ಕೆ ಅದು ಸರಿಯೂ ಆಗಿತ್ತು. ಡಿಸ್ಕಿನಲ್ಲಿ ಉಳಿದ ಒಂದು ಓಟವನ್ನು ಅವನು ಬೆಳಗಿನ ಹೊತ್ತು ಖಾಲಿ ಓಡಿಸಿ ಮುಗಿಸಿದ್ದ.

ವೈಶಾಲಿ ಗಂಡನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲೂ ಇಲ್ಲ. ಸಂಘಮಿತ್ರಾಳ ಕಡೆ ಮುಖ ಮಾಡದೆ ಕೇಳಿದಳು:

"ಯಾವ್ಯಾವ ಹೋದುವು, ಓದವಾ."

ಹೆಸರು ಬರೆದಿಟ್ಟ ಫೈಲು ಇತ್ತಲ್ಲ, ಸಂಘಮಿತ್ರಾ ಓದಿದಳು. ಜೋಡಿ ಗಿಣಿ. ಗಲಗಲಿ ತೆರಿ. ದ್ರಾಕ್ಷಿ ಸೆರಗು. ಬಿಲ್ವಪತ್ರಿ ದೊಡ್ಡದು. ಪ್ರತಿ ಹೆಸರಿಗೂ ಭೀಮಶಿಯ ಗದ್ದ ಒಂದಿಷ್ಟು ಕೆಳಗಿಳಿಯುತ್ತಿತ್ತು. ಇನ್ನೂರಾ ನಲವತ್ತೊಂದು ಹೆಸರು. ಅರವತ್ತರ ಹತ್ತಿರ ಬಂದಾಗ ಅವನು ತಡೆದ.

"ಸಜ್ಜಿ ತೆನಿ ಸಣ್ಣದು. ನಲವತ್ತೆಂಟ ಸಾಲ ಅಷ್ಟ. ಅದು ನನ್ನ ತಲ್ಯಾಗ ಐತಿ."

"ತಲ್ಯಾಗ ಇದ್ರ ಏನ್ ಮಾಡೂದು? ಕೈ?"

"ಕೈ ನಿಂದ ಐತೆಲ್ಲ. ಕೂಡು."

ವೈಶಾಲಿ ಮೌಸು ಹಿಡಿದದ್ದೇ ಇಲ್ಲ. ಕಾರ್ಡು ಯಂತ್ರಕ್ಕೆ ರಟ್ಟು ಕೊಡುವುದು, ಹೊಡೆದದ್ದನ್ನು ದಾರದಿಂದ ಪೋಣಿಸುವುದು ಮಾತ್ರ ಅವಳ ಕೆಲಸವಾಗಿತ್ತು. ಸಂಘಮಿತ್ರಾ ಒಂದು ಚೌಕ ತುಂಬುವುದು ಹೇಗೆ, ಅಳಿಸುವುದು ಹೇಗೆ ಎಂದು ತೋರಿಸಿದಳು. ಭೀಮಶಿ ಕಣ್ಣು ಮುಚ್ಚಿ ಹೇಳತೊಡಗಿದ: ಎರಡು ಎತ್ತು, ಮೂರು ಬಿಡು, ಒಂದು ಎತ್ತು. ವೈಶಾಲಿ ಬೆರಳು ಗಟ್ಟಿ ಮಾಡಿ ಒತ್ತುತ್ತಿದ್ದಳು. ಹನ್ನೊಂದನೆಯ ಸಾಲಿಗೆ ನಿಂತಳು.

"ಎರಡ ಅಲ್ಲ, ಒಂದ."

"ಎರಡ. ಬರದಾಂವ ನಾನು."

"ಪೋಣಿಸಿದಾಕಿ ನಾನು. ಆ ಕಾರ್ಡಿನ ಅಂಚಿಗೆ ತೂತ ಒಂದ ಇರ್ತಿತ್ತು. ಪ್ರತೀ ಸರ್ತಿ ಅಲ್ಲೇ ಹರೀತಿತ್ತು, ಪಟ್ಟಿ ಹಚ್ಚಿದಾಕಿ ನಾ ಅಲ್ಲೇನು?"

ಅವನು ಕಣ್ಣು ತೆರೆದ. ತುಟಿಯಲ್ಲಿ ಎಣಿಸಿದ.

"ಒಂದ ಇರಬೇಕು ಬಿಡು," ಎಂದ.

ಸಂಘಮಿತ್ರಾ ಉಳಿದ ನೂರಾ ಎಪ್ಪತ್ತೊಂದನ್ನು ಎರಡು ಪೆನ್‌ಡ್ರೈವಿಗೆ ಹಾಕಿದಳು. ಎಲ್ಲವೂ ಒಂದೇ ಕಡೆ ಇರಬಾರದೆಂದು ಒಂದನ್ನು ಅಡುಗೆಮನೆಯ ಗೂಡಿನಲ್ಲಿಡಲು ಹೇಳಿದಳು. ಕಂಪ್ಯೂಟರಿನ ಮೇಜನ್ನು ಆಚೆ ಗೋಡೆಗೆ ಎಳೆಯುವ ಅಗತ್ಯ ಇನ್ನಿರಲಿಲ್ಲ. ಈ ಹೊಸ ಡಿಸ್ಕಿನಲ್ಲಿ ತಿರುಗುವಂಥದ್ದು ಏನೂ ಇಲ್ಲ. ಚಪ್ಪಲಿ ಮೆಟ್ಟುವಾಗ ಮೂರು ಗಂಟೆ ದಾಟಿತ್ತು. ಒಳಗೆ ಹತ್ತೊಂಬತ್ತು ಸಾಲು ಮುಗಿದಿತ್ತು. ಇಪ್ಪತ್ತನೆಯದರ ಬಗ್ಗೆ ಗಂಡ ಹೆಂಡತಿ ಜಗಳ ತೆಗೆದಿದ್ದರು. ಇಬ್ಬರಲ್ಲಿ ಯಾರೂ ಸೋಲುವ ಲಕ್ಷಣ ಕಾಣಲಿಲ್ಲ.