ಜಿಂಕೆ ಬಣ್ಣದ ಕೋಟು

ಗುಂಡಿನ ಸದ್ದು ಮೊದಲು ಕೇಳಿತೋ, ಪಕ್ಕದ ಮರದ ತೊಗಟೆ ಮೊದಲು ಸಿಡಿಯಿತೋ ಹೇಳಲಾರೆ. ನಾನು ಹಿಮದಲ್ಲಿ ಬೋರಲು ಬಿದ್ದಿದ್ದೆ. ಬಾಯಿ ತುಂಬ ಪೈನ್ ಮರದ ಸೂಜಿಗಳು. ಮೈಮೇಲೆ ಏನು ತೊಟ್ಟಿದ್ದೇನೆ ಎಂಬುದು ನೆನಪಾದದ್ದೇ ಆಗ.

ಅರ್ಧ ಗಂಟೆ ಹಿಂದೆ ಡ್ವೇನ್ ಚಿಕ್ಕಪ್ಪನ ಬೇಟೆಮನೆಯಲ್ಲಿ ಟರ್ಕಿ ಕೋಳಿಯ ತೊಡೆ ತಿನ್ನುತ್ತ ಕೂತಿದ್ದೆ. ಥ್ಯಾಂಕ್ಸ್‌ಗಿವಿಂಗ್ ಊಟ. ಅಮೆರಿಕದ ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಆ ಹಬ್ಬ ಬರುವುದೇ ಜಿಂಕೆ ಬೇಟೆಯ ಒಂಬತ್ತು ದಿನಗಳ ನಡುವೆ. ಆ ಒಂಬತ್ತು ದಿನ, ಇದು ಜಿಂಕೆಯಲ್ಲ ಮನುಷ್ಯ ಎಂದು ದೂರದಿಂದಲೇ ತೋರಿಸುವ ಕಿತ್ತಳೆ ಬಣ್ಣದ ಅಂಗಿ ಇಲ್ಲದೆ ಅಂಚೆಪೆಟ್ಟಿಗೆಯ ತನಕವೂ ಯಾರೂ ಹೋಗುವುದಿಲ್ಲ. ಚಿಕ್ಕಪ್ಪನ ನಾಯಿಯ ಕತ್ತಿಗೂ ಕಿತ್ತಳೆ ಪಟ್ಟಿ.

ನಾನು ಹದಿನಾರಕ್ಕೇ ಶಾಲೆ ಬಿಟ್ಟು, ಅಪ್ಪ ಸೇರಿಸಿದ ಮರದ ಮಿಲ್ಲನ್ನೂ ಬಿಟ್ಟು, ಪೇಟೆಯ ಗಂಡಸರ ಬಟ್ಟೆ ಅಂಗಡಿ ಸೇರಿದವನು. ನಮ್ಮ ಯಜಮಾನರು ಈ ಸಲ ಇಟಲಿಯ ಮಿಲಾನಿನಿಂದ ಒಂದೇ ಒಂದು ಕೋಟು ತರಿಸಿದ್ದರು. ಮೊಣಕಾಲು ಮುಟ್ಟುವ ಉದ್ದ, ಜಿಂಕೆ ಬಣ್ಣದ ಒರಟು ಕೂದಲು, ಬಿಳಿ ಉಣ್ಣೆಯ ದೊಡ್ಡ ಕಾಲರು, ಒಳಗೆ ಕಣ್ಣು ಕುಕ್ಕುವ ಕುಂಬಳಕಾಯಿ ಬಣ್ಣದ ರೇಷ್ಮೆ. ಎಂಟು ವಾರ ಅದು ಗಾಜಿನ ಹಿಂದೆ ನಿಂತಿತ್ತು. ಗಂಡಸರು ಬಂದರು, ಸವರಿದರು, ನಕ್ಕರು. ಆಮೇಲೆ ತಮ್ಮ ಅಪ್ಪಂದಿರು ಹಾಕುತ್ತಿದ್ದ ಅದೇ ಕಂದು ಕ್ಯಾನ್ವಾಸ್ ಜಾಕೆಟ್ ಕೊಂಡು ಹೋದರು. ದಿನಾ ನೋಡಿ ನೋಡಿ ನನಗೆ ರೇಗಿತು. ನಾನೇ ಕೊಂಡುಕೊಂಡೆ.

"ಏನೋ ಕೋಲ್ಬಿ, ಹೆಂಡ್ತಿ ಕೋಟಾ? ಮದ್ವೆ ಯಾವಾಗಾಯ್ತೋ?" ಎಂದ ಚಿಕ್ಕಪ್ಪ, ದಾರಿಯುದ್ದಕ್ಕೂ ಗೇಲಿ ಮಾಡಿದ್ದು ಸಾಲದೆಂಬಂತೆ ಎಲ್ಲರ ಮುಂದೆ, ನಾನು ಒಳಗೆ ಬಂದು ಕೂರುವ ಮೊದಲೇ.

"ಮಿಲಾನಿನಲ್ಲಿ ಗಂಡಸ್ರು ಹಾಕ್ತಾರೆ."

"ಅಲ್ಲಿ ಹಾಕ್ತಾರಪ್ಪ. ಬಳ್ಳಿ ಥರ ಇರ್ತಾರೆ, ಒಂದು ಚೊಂಬು ನೀರು ಎತ್ತಿದ್ರೆ ಸೊಂಟ ಹಿಡ್ಕೊಳ್ತಾರೆ. ನಮ್ಮ ಹೊಟ್ಟೆ ನೋಡು, ನಮ್ಮ ಭುಜ ನೋಡು! ನಾನು ಅದ್ನ ಹಾಕಿದ್ರೆ ಸೋಫಾ ಎದ್ದು ಓಡಾಡ್ತಿದೆ ಅಂತಾರೆ." ಕೋಟಿನ ಅಂಚು ಎತ್ತಿ ನೋಡಿದ. "ಅಯ್ಯೋ, ಒಳಗೆ ನೋಡ್ರೋ! ನಮ್ಮತ್ತಿಗೆ ಮಾಡಿದ ಕುಂಬಳಕಾಯಿ ಕಡುಬು ಮೆತ್ಕೊಂಡಿದಾನೆ!"

ಎಲ್ಲರೂ ನಕ್ಕರು. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಅಪ್ಪನ ಮಾತು. ಅಪ್ಪ ನಗಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದ: "ಬಿಡ್ರೋ. ಇವನಿಗೆ ಶಾಲೆ ಹಿಡೀಲಿಲ್ಲ, ಮರದ ಮಿಲ್ಲು ಹಿಡೀಲಿಲ್ಲ. ಈಗ ಬಟ್ಟೇನೂ ಹಿಡೀತಿಲ್ಲ."

"ನಿಮಗೆ ಹೊಸದು ಅಂದ್ರೆ ಹೆದರಿಕೆ! ಗೋಣಿಚೀಲದಲ್ಲಿ ಹುಟ್ಟಿ ಗೋಣಿಚೀಲದಲ್ಲೇ ಸಾಯ್ತೀರ!" ಎಂದು ಕಿರುಚಿ ಎದ್ದೆ. ಬಾಗಿಲ ಪಕ್ಕದ ಮೊಳೆಗಳಲ್ಲಿ ಕಿತ್ತಳೆ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಬರುವಾಗ ಹೆದ್ದಾರಿಯಿಂದ ಚಿಕ್ಕಪ್ಪನ ಟ್ರಕ್ಕಿನೊಳಗೆ ಕೂತು ಬಂದಿದ್ದೆ. ಅಂಗಿಯ ಅಗತ್ಯವೇ ಬಿದ್ದಿರಲಿಲ್ಲ. ನನ್ನ ಕಾರು ಹೆದ್ದಾರಿಯಲ್ಲಿತ್ತು. ಸಿಟ್ಟಿನಲ್ಲಿ ಕಿತ್ತಳೆ ಅಂಗಿ ಮರೆತು, ದಾರಿ ಬಿಟ್ಟು ನೇರ ಕಾಡಿಗೆ ನುಗ್ಗಿದೆ.

ಈಗ ಹೀಗೆ ಬಿದ್ದಿದ್ದೆ. ಬೆನ್ನ ಮೇಲೆ ಜಿಂಕೆಯ ಬಣ್ಣ, ಕತ್ತಿಗೆ ಜಿಂಕೆ ಬಾಲದ ಬಿಳಿ.

ಕೂಗಬೇಕು. ಗಂಟಲಿನಿಂದ ಬಂದದ್ದು ಸುಯ್ಯೆನ್ನುವ ಗಾಳಿ ಮಾತ್ರ. ಅದೂ ಪ್ರಾಣಿಯ ಹಾಗೇ ಕೇಳಿಸಿತು. ಏಳಬೇಕು. ಆದರೆ ಬಿದ್ದ ಜಿಂಕೆ ಅಲುಗಿದರೆ ತಡಮಾಡದೆ ಇನ್ನೊಂದು ಗುಂಡು ಹಾಕಬೇಕು. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನೇ ನನಗೆ ಕಲಿಸಿದ್ದ. ನರಳಿಸಬಾರದು ಕಣೋ, ಪಾಪ ಅದು, ಎಂದಿದ್ದ. ಎಡಗಡೆ ಎಲ್ಲೋ ಕಡ್ಡಿ ಮುರಿದ ಸದ್ದು. ಗುಂಡು ಹಾಕಿದವನು ಬರುತ್ತಿದ್ದಾನೆ, ಇಲ್ಲವೇ ಮೊಣಕಾಲೂರಿ ಗುರಿ ಹಿಡಿದಿದ್ದಾನೆ. ಬೆನ್ನಿನ ಒಂದು ಕಡೆ, ಭುಜದ ಮೂಳೆಯ ಕೆಳಗೆ, ಗುಂಡು ಬೀಳುವ ಮೊದಲೇ ಉರಿಯತೊಡಗಿತು. ಉಚ್ಚೆ ಹೊಯ್ದುಕೊಂಡೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಗುಂಡು ಹಾಕ್ಬೇಡ್ರೋ! ನನ್ನ ಮಗ ಅವನು! ಮನುಷ್ಯ ಕಣ್ರೋ, ಮನುಷ್ಯ!"

ಅಪ್ಪ. ನನ್ನ ಹೆಜ್ಜೆ ಹಿಡಿದು ಹಿಂದೆಯೇ ಬರುತ್ತಿದ್ದವನು ಗುಂಡಿನ ಸದ್ದು ಕೇಳಿ ಓಡಿ ಬಂದಿದ್ದ. ಬರಿ ತಲೆ, ಜಾಕೆಟ್ಟಿನ ಮೇಲೆ ಕಿತ್ತಳೆ ಅಂಗಿ. ನನ್ನ ಪಕ್ಕ ಕುಸಿದು ಬೆನ್ನು, ಪಕ್ಕೆ, ತಲೆ ಎಲ್ಲ ತಡವಿದ.

"ಗುಂಡು ಬಿದ್ದಿದೆಯೇನೋ? ಎಲ್ಲೋ? ಮಾತಾಡೋ!"

"ಇಲ್ಲ."

ಅಪ್ಪ ತನ್ನ ಕಿತ್ತಳೆ ಅಂಗಿ ಕಳಚಿ ಕೋಟಿನ ಮೇಲೆಯೇ ನನಗೆ ತೊಡಿಸಿ, ಎಳೆದು ಗುಂಡಿ ಹಾಕಿದ. ಎದ್ದು ನಿಂತ. ಆಗ ನೋಡಿದೆ. ಅಪ್ಪನ ಕ್ಯಾನ್ವಾಸ್ ಜಾಕೆಟ್ಟೂ ಕಂದು. ನನ್ನ ಕೋಟಿನದೇ ಕಂದು. ಮೇಲೆ ನರೆತ ಬಿಳಿ ತಲೆ.

ದೂರದಲ್ಲಿ ಮತ್ತೊಂದು ಗುಂಡು ಸಿಡಿಯಿತು.

ಈ ಹೆದರಿಕೆಯ ಮುಂದೆ ನನ್ನ ಜೀವಕ್ಕೆ ಹೆದರಿದ್ದು ಏನೂ ಅಲ್ಲ. ಅಪ್ಪನ ಕಾಲು ಹಿಡಿದು ಕೆಳಗೆಳೆದೆ. "ತೊಗೊಳ್ಳಪ್ಪ ಇದ್ನ, ನೀನೇ ಹಾಕ್ಕೋ!"

"ಮುಚ್ಚೋ ಬಾಯಿ. ನಡಿ."

"ಕೊಂದ್ಹಾಕ್ತಾರಪ್ಪ ನಿನ್ನ!"

ಆಗ ರೇಷ್ಮೆ ನೆನಪಾಯಿತು. ಬೆರಳು ಸೆಟೆದಿದ್ದವು, ಅಂಗಿಯ ಗುಂಡಿ ಬಿಚ್ಚಲಾಗದೆ ಹಲ್ಲಿನಿಂದ ಕಿತ್ತೆ. ಕೋಟು ಕಳಚಿದೆ, ತೋಳುಗಳನ್ನು ಒಳಗಿನಿಂದ ಹೊರಕ್ಕೆ ಎಳೆದು ಪೂರ್ತಿ ಮಗುಚಿದೆ. ಕುಂಬಳಕಾಯಿ ಬಣ್ಣ ಆ ಬೂದು ಕಾಡಿನಲ್ಲಿ ಬೆಂಕಿಯ ಹಾಗೆ ಹತ್ತಿಕೊಂಡಿತು. ಅಪ್ಪನ ಹೆಗಲಿಗೆ ಹಾಕಿ ತೋಳು ತೂರಿಸಿದೆ. ಬಿಳಿ ಕಾಲರನ್ನು ಒಳಕ್ಕೆ ತುರುಕಿದೆ. ಅಪ್ಪ ಪುಟ್ಟ ಮಗುವಿನ ಹಾಗೆ ಕೈ ಚಾಚಿ ನಿಂತಿದ್ದ. ನಾನು ಅವನ ಕಿತ್ತಳೆ ಅಂಗಿಯನ್ನು ಮತ್ತೆ ತೊಟ್ಟುಕೊಂಡೆ.

ಒಬ್ಬರ ಕೈ ಒಬ್ಬರು ಹಿಡಿದು, "ಮನುಷ್ಯರು! ಇಬ್ಬರು ಮನುಷ್ಯರು!" ಎಂದು ಕೂಗುತ್ತ ನಡೆದೆವು. ಯಾರೂ ಓಗೊಡಲಿಲ್ಲ. ಗುಂಡು ಹಾಕಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಸಿಕ್ಕರೆ ಅವನ ಬಂದೂಕನ್ನು ಅವನ ಕೈಯಿಂದಲೇ ಮುರಿಸುತ್ತೇನೆ.

ಹೆದ್ದಾರಿಯಲ್ಲಿ ಚಿಕ್ಕಪ್ಪ ಟ್ರಕ್ಕು ತಂದು ನಿಲ್ಲಿಸಿದ್ದ. ರೇಷ್ಮೆ ಹೊದ್ದು ಬಂದ ತನ್ನ ಅಣ್ಣನನ್ನು ನೋಡಿ ಅವನ ಬಾಯಿ ತೆರೆಯಿತು.

"ಒಂದು ಮಾತಾಡಿದ್ರೆ ನೋಡು, ಡ್ವೇನ್," ಎಂದ ಅಪ್ಪ.

ಚಿಕ್ಕಪ್ಪ ಬಾಯಿ ಮುಚ್ಚಿ ಟ್ರಕ್ಕಿನ ಬಾಗಿಲು ತೆರೆದ.

ಒಳಗೆ ಬೆಚ್ಚಗಿತ್ತು. ಕೋಟು ಮಗುಚಿದ್ದರಿಂದ ಗುಂಡಿಗಳು ಒಳಗಾಗಿದ್ದವು. ಅಪ್ಪ ಎರಡೂ ಅಂಚುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಗೆಣ್ಣು ಬೆಳ್ಳಗಾಗಿದ್ದವು.

"ಬಿಡಪ್ಪ, ರಸ್ತೆಗೆ ಬಂದ್ವಿ," ಎಂದೆ.

ಬಿಡಲಿಲ್ಲ. ಮನೆ ಬರುವ ತನಕ ಬಿಡಲಿಲ್ಲ.