ಮಂಗಲಳ ಸೊಂಟದ ಚಿತ್ರಗಳು

ಶೇವಂತಾಳ ಅತ್ತೆ ಕಸ್ತೂರೆವ್ವ ಒಂದು ದಿನ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಅಂಕಲಿಯ ಅರ್ಧ ಊರು ಬಂದು ಕೈಮುಗಿಯಿತು. ಶೇವಂತಾಳ ಮಗಳು ಮಂಗಲ ಹುಟ್ಟಿ ಏಳು ವರ್ಷವಾದರೂ ಒಂದು ಮಾತು ಆಡಿಲ್ಲ. ಅವಳನ್ನು ಕಂಡರೆ ಅದೇ ಊರು, ಯಾವ ಜನ್ಮದ ಪಾಪವೋ ಅನ್ನುತ್ತದೆ.

ಅದು ೧೯೯೪ರ ಅನಂತ ಚತುರ್ದಶಿ, ಜೈನರ ಪರ್ವದ ಕೊನೆಯ ದಿನ. ಕಸ್ತೂರೆವ್ವನಿಗೆ ಉಪವಾಸ, ಜೊತೆಗೆ ಮೌನವ್ರತ. ಆಡಬೇಕಾದದ್ದನ್ನೆಲ್ಲ ಮುದುಕಿ ಹಿಂದಿನ ಸಂಜೆಯೇ ಆಡಿ ಮುಗಿಸಿದ್ದಳು.

“ನಾಳೆ ಬಸ್ತಿ ಮಂದಿ ಬರತಾರ. ಆ ಹುಡುಗಿ ಸೊಂಟದಾಗ ಗಿಣಿಶಾಸ್ತ್ರದವನ ಚೀಟಿ ಜೋತಾಡೂದು ಬ್ಯಾಡ.”

“ಮಿರಜದ ಡಾಕ್ಟರಬಾಯಿ ಹೇಳ್ಯಾರ್ರಿ ಅತ್ತಿ. ಬಾಯಿಲೆ ಬರದಿದ್ರ ಚಿತ್ರಾ ತೋರ್ಸಿ ಕೇಳ್ಲಿ ಅಂತ.”

“ಆಕಿಗೇನ, ಹೇಳತಾಳ. ಕಾಗದಾ ಕತ್ತರ್ಸಿ ಹಚ್ಚಿದ್ರ ಮೂಕಿ ಮಾತಾಡತಾಳನು? ನಾಡದ ಮುಂಜಾನಿ ಮೌನ ಬಿಟ್ಟಕೂಡ್ಲೆ ಬಚ್ಚಲ ಒಲಿಗಿ ಹಾಕತೀನಿ ಅವನ್ನ.”

ಶೇವಂತಾಳ ಗಂಡ ಶ್ರೀಪಾಲ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ತಾಯಿಯ ಎದುರು ಅವನಿಗೆ ವರ್ಷವಿಡೀ ಮೌನವ್ರತವೇ.

ಹಳೆಯ ಪುಸ್ತಕ, ಬಿಸ್ಕೀಟಿನ ಪುಡಿಕೆಗಳಿಂದ ಶೇವಂತಾ ಕತ್ತರಿಸಿದ ಒಂಬತ್ತು ಚಿತ್ರಗಳವು. ರೊಟ್ಟಿ, ನೀರು, ಹಾಸಿಗೆ, ಹಿತ್ತಲಿಗೆ ಹೋಗಲು ನೀರೊಯ್ಯುವ ಚರಿಗೆ, ಹೀಗೆ. ಸೀರೆ ಡಬ್ಬಿಯ ರಟ್ಟಿಗೆ ಅಂಟಿಸಿ, ತೂತು ಕೊರೆದು, ಲಾಡಿಯಲ್ಲಿ ಪೋಣಿಸಿದ್ದಳು. ಮಂಗಲ ಮೊಣಕಾಲು ಒತ್ತಿಕೊಂಡು ಮಿಸುಕಾಡಿದಾಗಲೆಲ್ಲ ಚರಿಗೆಯ ಚಿತ್ರವನ್ನು ಅವಳ ಕೈಗಿಟ್ಟು ಹಿತ್ತಲಿಗೆ ಕರೆದೊಯ್ಯುವುದು. ಎರಡು ತಿಂಗಳು ಇದೇ ಕೆಲಸ. ಈಗ ಹುಡುಗಿ ತಾನೇ ತೋರಿಸುತ್ತಾಳೆ. ಆ ಲಾಡಿ ಒಲೆಗೆ ಬಿದ್ದರೆ ಮತ್ತೆ ಕಿರುಚಾಟ, ಮತ್ತೆ ಒದ್ದೆ ಲಂಗ. ಶೇವಂತಾ ಅದನ್ನು ಬಿಚ್ಚಲಿಲ್ಲ. ಮೇಲೆ ಉದ್ದನೆಯ ಅಂಗಿ ತೊಡಿಸಿದಳು.

ವ್ರತದ ಮಧ್ಯಾಹ್ನ ಪಡಸಾಲೆಯ ತುಂಬ ಜನ. ನಡುವೆ ಚಾಪೆಯ ಮೇಲೆ ಕಸ್ತೂರೆವ್ವ. ಎದುರಿಗೇ ಊರ ಹಿರಿಯ ಬಾಪುಸಾಹೇಬರು.

“ಬಾಯಿ ಕಟ್ಟೂದಂದ್ರ ಸಾದಾ ಮಾತಲ್ಲ,” ಎಂದರು ಅವರು. ಒಂದು ತಾಸಿನಿಂದ ಅವರದೊಬ್ಬರದೇ ಮಾತು.

ಕಸ್ತೂರೆವ್ವ ಹಿತ್ತಲ ಬಾಗಿಲಿನತ್ತ ಕೈ ಮಾಡಿದಳು. ಶ್ರೀಪಾಲ ಹೋಗಿ ಬಾಗಿಲು ಮುಚ್ಚಿದ. ಆಕೆ ತಲೆ ಅಲ್ಲಾಡಿಸಿ ಮತ್ತೆ ಕೈ ಮಾಡಿದಳು. ಅವನು ಅಗಳಿಯನ್ನೂ ಹಾಕಿ ಬಂದ.

“ನಮ್ಮವ್ವಗ ಗಾಳಿ ತಡ್ಯಾಂಗಿಲ್ರಿ.”

ಮೊಣಕಾಲು ನೋವಿನ ಮುದುಕಿ ತಾನಾಗಿ ಏಳಲಾರಳು; ಬಾಪುಸಾಹೇಬರ ಮುಂದೆ ಕಿರುಬೆರಳು ಎತ್ತಲಾರಳು. ಶೇವಂತಾ ಏನೂ ತಿಳಿಯದೆ ಜಪಮಾಲೆ ತಂದುಕೊಟ್ಟಳು. ಮುದುಕಿ ಅದನ್ನು ಆಚೆ ತಳ್ಳಿದಳು.

“ನೋಡ್ರಿ, ಜಪದ ಮಣಿ ಮ್ಯಾಲೂ ಮೋಹ ಉಳದಿಲ್ಲ,” ಎಂದರು ಬಾಪುಸಾಹೇಬರು.

ಮೂಲೆಯಲ್ಲಿ ತಾಟು ತಿರುಗಿಸುತ್ತಿದ್ದ ಮಂಗಲ ಎದ್ದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದು ಅಜ್ಜಿ ಒಂದಕ್ಕೊಂದು ಒತ್ತಿ ಹಿಡಿದಿದ್ದ ಮೊಣಕಾಲುಗಳನ್ನು. ಅಂಗಿ ಎತ್ತಿ, ಒಂದೊಂದೇ ಚಿತ್ರ ಸರಿಸಿ, ಕೊನೆಗಿದ್ದ ಚರಿಗೆಯನ್ನು ಅಜ್ಜಿಯ ಕೈಗಿಟ್ಟಳು. ಕಸ್ತೂರೆವ್ವ ಅದನ್ನು ಸೆರಗಿನ ಮರೆಯಲ್ಲಿ ಸೊಸೆಗೆ ತೋರಿಸಿದಳು.

ಶೇವಂತಾ ಅಗಳಿ ತೆಗೆದು, ಅತ್ತೆಯನ್ನು ಎಬ್ಬಿಸಿ ನಡೆಸಿಕೊಂಡು ಹೊರಟಳು.

“ಧ್ಯಾನದ ಹೊತ್ತಾತ ಕಾಣತೈತಿ,” ಎಂದು ಬಾಪುಸಾಹೇಬರು ಹಿಂದಿನಿಂದ ಕೈಮುಗಿದರು.

ಮರುದಿನ ಮುಂಜಾನೆ ಬಚ್ಚಲ ಒಲೆ ಉರಿಯುತ್ತಿತ್ತು. ಮೌನ ಬಿಟ್ಟ ಕಸ್ತೂರೆವ್ವನ ಮೊದಲ ಮಾತು, “ತಾ ಇಲ್ಲಿ ಅವನ್ನ.”

ಶೇವಂತಾ ಲಾಡಿಯ ಒಂದು ತುದಿ ಕೊಟ್ಟಳು; ಇನ್ನೊಂದನ್ನು ಬಿಡಲಿಲ್ಲ. ಮುದುಕಿ ಚಿತ್ರಗಳನ್ನು ತಿರುವಿದಳು.

“ಇದೇನ ರೊಟ್ಟಿನೊ, ಚಕ್ಕಡಿ ಗಾಲಿನೊ?” ಎಂದು ಮೂಗು ಮುರಿದಳು. ಆಮೇಲೆ ಒಲೆಯ ಕಡೆ ನೋಡದೆ, “ಚರಿಗಿ ಎಲ್ಲಾದಕಿಂತ ಮ್ಯಾಲ ಕಟ್ಟ. ಹುಡುಕೂದ್ರಾಗ ಜೀಂವಾ ಹೋಗತೈತಿ,” ಎಂದಳು.

“ಹೂಂನ್ರಿ ಅತ್ತಿ.”

ಒಳಗೆ ಬಂದು ಶೇವಂತಾ ಗಂಟು ಬಿಚ್ಚಿ, ಇನ್ನಷ್ಟು ಬಿಗಿಯಾಗಿ ಕಟ್ಟಿದಳು. ಮೇಲೆ ರೊಟ್ಟಿಯೇ ಉಳಿಯಿತು. ಮಂಗಲ ದಿನಾ ಮೊದಲು ಕೇಳುವುದು ಅದನ್ನೇ. ವರ್ಷಕ್ಕೊಂದು ದಿನ ಮೂಕಿಯಾಗುವವಳು ಬೇಕಾದರೆ ತನಗೆ ಬೇರೆ ಪೋಣಿಸಿಕೊಳ್ಳಲಿ.